ಉಸುಕಿನ ಚೀಲದ ವಸ್ತಾದರು

ಭಾರ ಎತ್ತುವವನ ಮುಖ ನೋಡಬಾರದು, ಪಾದ ನೋಡಬೇಕು ಎಂದು ಹೇಳುತ್ತಿದ್ದರು ನಮ್ಮ ವಸ್ತಾದರು. "ಮುಖ ಸುಳ್ಳು ಹೇಳ್ತದ ಲೇ ತಮ್ಮಾ. ಹಲ್ಲು ಕಚ್ಚಿ ನಗಬಹುದು, ಮೀಸಿ ತಿರುವಬಹುದು. ಪಾದಕ್ಕ ಸುಳ್ಳು ಹೇಳಾಕ ಬರಂಗಿಲ್ಲ." ಹೀಗೆ ಹೇಳಿ ತಮ್ಮ ಬಲಪಾದವನ್ನೇ ಮುಂದೆ ಚಾಚಿ ತೋರಿಸುತ್ತಿದ್ದರು. ಅಗಲವಾದ, ಹಿಮ್ಮಡಿ ಒಡೆದ, ಬೆರಳುಗಳೆಲ್ಲ ಬಿಡಿಬಿಡಿಯಾಗಿ ನೆಲ ಹಿಡಿದಿದ್ದ ಪಾದ. ಮೂವತ್ತು ವರ್ಷ ರಾಯಚೂರಿನ ಗಂಜಿನಲ್ಲಿ, ಆ ಕಾಳಿನ ಪೇಟೆಯಲ್ಲಿ, ಜೋಳದ ಚೀಲ, ಶೇಂಗಾದ ಚೀಲ ಹೊತ್ತು ಲಾರಿ ತುಂಬಿಸಿದ ಪಾದ ಅದು.

ಅವರು ಗಂಜಿನ ಹಮಾಲರು. ದೇವದುರ್ಗದ ಆಚೆ ಕೃಷ್ಣೆಯ ದಂಡೆಯ ಒಂದು ಹಳ್ಳಿಯ ಕುರಿಗಾರರ ಮನೆಯಲ್ಲಿ ಹುಟ್ಟಿ, ಹುಡುಗತನದಲ್ಲೇ ರಾಯಚೂರಿಗೆ ಬಂದು ನೆಲೆಸಿದವರು. ಗಂಜಿನ ಕೆಲಸ ಶುರುವಾಗುವ ಮುಂಚೆ, ಮುಚ್ಚಿಹೋಗಿದ್ದ ಒಂದು ಹತ್ತಿ ಮಿಲ್ಲಿನ ಹಿಂದಿನ ಬಯಲಿನಲ್ಲಿ ಹತ್ತು ಹನ್ನೆರಡು ಜನರಿಗೆ ಸಾಮು ಕಲಿಸುತ್ತಿದ್ದರು. ಅಲ್ಲಿ ಕುಸ್ತಿಯ ಕಣ ಇರಲಿಲ್ಲ, ಗದೆ ಇರಲಿಲ್ಲ, ಗೋಡೆಗೆ ಯಾವ ದೇವರ ಪಟವೂ ಇರಲಿಲ್ಲ. ಒಂದು ಬೇವಿನ ಮರ ಮತ್ತು ಗೋಡೆಗೆ ಒರಗಿಸಿಟ್ಟ ಏಳು ಉಸುಕಿನ ಚೀಲ, ಅಷ್ಟೇ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಮಾನ್ವಿ ತಾಲೂಕಿನ ಕಲ್ಲೂರಿನವನು. ಪೊಲೀಸ್ ಭರ್ತಿಗೆ ಹೋಗಬೇಕೆಂದು ರಾಯಚೂರಿಗೆ ಬಂದು ಸೋದರಮಾವನ ಮನೆಯಲ್ಲಿದ್ದೆ. ಎತ್ತರ ಇತ್ತು, ಎದೆ ಇರಲಿಲ್ಲ. ಮಾವನೂ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದುದರಿಂದ ಒಂದು ಬೆಳಿಗ್ಗೆ ನನ್ನನ್ನು ಕರೆದುಕೊಂಡು ಹೋಗಿ ವಸ್ತಾದರ ಮುಂದೆ ನಿಲ್ಲಿಸಿದ. ಅವರು ನನ್ನ ಎದೆ ಅಳೆಯಲಿಲ್ಲ. ಮೂವತ್ತು ಕಿಲೋದ ಸಣ್ಣ ಚೀಲ ತೋರಿಸಿ, "ಇದನ್ನ ತಬ್ಬಿಕೊಂಡು ನಿಂದ್ರು, ನಾ ಸಾಕು ಅನ್ನೋತನ" ಎಂದರು. ಮೂವತ್ತು ಕಿಲೋ ಏನು ಮಹಾ ಎಂದುಕೊಂಡೆ. ಅವರು ಮಾವನ ಜೊತೆ ಊರ ಸುದ್ದಿ, ಮಳೆ ಸುದ್ದಿ ಮಾತಾಡುತ್ತಲೇ ಇದ್ದರು. ಚೀಲ ನಿಧಾನಕ್ಕೆ ನನ್ನ ತೋಳಿನಿಂದ ಜಾರತೊಡಗಿತು. ಒಂದು ಕಡೆ ಬಿಗಿ ಹಿಡಿದರೆ ಉಸುಕು ಇನ್ನೊಂದು ಕಡೆಗೆ ಸರಿಯುತ್ತಿತ್ತು. ಕೊನೆಗೆ ಚೀಲದ ಜೊತೆಗೆ ನಾನೂ ಕುಸಿದು ಕೂತೆ.

ಅವರು ನಗಲಿಲ್ಲ. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಹೇಳಿದರು: "ನಾ ಕುರಿ ಕಾಯಾಂವ ಇದ್ದೆ. ಜೀವ ಇರೋ ಕುರಿ ಹೆಗಲ ಮ್ಯಾಲ ಹಾಕ್ಕೊಂಡ್ರ ಹಗುರ ಇರ್ತದ, ಅದೂ ನಿನ್ನ ಹಿಡ್ಕೊಂತದ. ಸತ್ತ ಕುರಿ ಅಷ್ಟ ತೂಕ ಇದ್ರೂ ಹೊರಾಕ ಆಗಂಗಿಲ್ಲ. ಉಸುಕಿನ ಚೀಲ ಸತ್ತ ಕುರಿ ಇದ್ದಂಗ. ನಿನಗ ಒಂದೀಟೂ ಸಹಾಯ ಮಾಡಂಗಿಲ್ಲ. ಎಲ್ಲಾ ನೀನ ಮಾಡಬೇಕು."

ಅವರ ತಾಲೀಮು ಹೀಗಿತ್ತು. ನೆಲದ ಮೇಲಿನ ಚೀಲವನ್ನು ತಬ್ಬಿ ಎದೆಗೆ ತರಬೇಕು. ಎದೆಯಿಂದ ಹೆಗಲಿಗೆ. ಹೆಗಲ ಮೇಲೆ ಇಟ್ಟುಕೊಂಡೇ ಹತ್ತು ಬಸ್ಕಿ. ಆಮೇಲೆ ಬೇವಿನ ಮರದವರೆಗೆ ಓಟ, ಅಲ್ಲಿ ಇಳಿಸಿ ಇನ್ನೊಂದು ಹೆಗಲಿಗೆ ಎತ್ತಿಕೊಂಡು ವಾಪಸ್ಸು. ಇದು ಒಂದು ಸುತ್ತು. ಸುತ್ತಿಗೂ ಸುತ್ತಿಗೂ ನಡುವೆ ಹತ್ತು ಉಸಿರಿನಷ್ಟು ಬಿಡುವು. ಆ ಹತ್ತನ್ನು ಅವರೇ ಗಟ್ಟಿಯಾಗಿ ಎಣಿಸುತ್ತಿದ್ದರು, ಗಂಜಿನವರ ಹಾಗೆ ಒಂದರ ಬದಲಿಗೆ ಲಾಭ ಎಂದು ಶುರುಮಾಡಿ: "ಲಾಭ... ಎರಡು... ಮೂರು..." ಎಂಟು ಸುತ್ತು ಆದಮೇಲೆ ಯಾರು ಎಷ್ಟೇ ಕೇಳಿಕೊಂಡರೂ ಒಂಬತ್ತನೆಯದಕ್ಕೆ ಬಿಡುತ್ತಿರಲಿಲ್ಲ. ಗುಂಜಹಳ್ಳಿಯವನೊಬ್ಬ ಮೊದಲ ದಿನ ಮೂರನೇ ಸುತ್ತಿಗೇ ವಾಂತಿ ಮಾಡಿಕೊಂಡ. ವಸ್ತಾದರು ತಮ್ಮ ರುಮಾಲಿನಿಂದ ಅವನ ಬಾಯಿ ಒರೆಸಿ, ಅದೇ ರುಮಾಲನ್ನು ತೊಳೆದು ಒಣಹಾಕಿ, "ನಾಳಿ ಬಾ" ಎಂದರು. ಅವನು ಬಂದ.

ಚೀಲಗಳನ್ನು ಅವರೇ ಹೊಲಿಯುತ್ತಿದ್ದರು. ಎರಡು ಪದರಿನ ಗೋಣಿ, ದಬ್ಬಣ, ಹುರಿ. ಕೃಷ್ಣೆಯ ಉಸುಕನ್ನೇ ಊರಿಂದ ಬಂಡಿಯವರ ಕೈಯಲ್ಲಿ ತರಿಸಿ, ಜರಡಿ ಹಿಡಿದು, ಕಲ್ಲು ತೆಗೆದು ತುಂಬುತ್ತಿದ್ದರು. ಹುಡುಗರ ಬೆನ್ನಿಗೆ ಒಂದು ಹರಳೂ ಚುಚ್ಚಬಾರದು ಎನ್ನುವುದು ಅವರ ಹಟ.

ಚೀಲಗಳೇ ಯಾಕೆ ಎನ್ನುವುದಕ್ಕೂ ಒಂದು ಕಾರಣವಿತ್ತು. ಹಿಂದೆ ಅವರು ರಾಯಚೂರಿನದೇ ಒಂದು ತಾಲೀಮಿನಲ್ಲಿ, ಅಂದರೆ ಗರಡಿಮನೆಯಲ್ಲಿ, ಕುಸ್ತಿ ಮಾಡಿದವರು. ಗಿಲ್ಲೆಸುಗೂರಿನ ನರಸಪ್ಪ ಎಂಬ ಹುಡುಗ ಗಂಜಿಗೆ ಕೆಲಸಕ್ಕೆ ಬಂದಾಗ, ಅವನ ಮೈಕಟ್ಟು ನೋಡಿ ಅಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿಯವರು ಜಗಳ ಮಾಡಲಿಲ್ಲ. ಚಹಾ ಕೊಟ್ಟರು. ಆಮೇಲೆ ಹಿರಿಯನೊಬ್ಬ ಇವರನ್ನು ಬದಿಗೆ ಕರೆದು, "ನೀನು ಬಾ, ಬ್ಯಾಡ ಅನ್ನಂಗಿಲ್ಲ. ಆದ್ರ ಅವನ ಕೇರಿ ಯಾವುದು ಅಂತ ನಿನಗ ಗೊತ್ತದಲ್ಲ, ಕಣದ ಮಣ್ಣು ತುಳಿಸಾಕ ಬರಂಗಿಲ್ಲ" ಎಂದನಂತೆ. ಇವರು ಲೋಟ ಕೆಳಗಿಟ್ಟು ಎದ್ದು ಬಂದರು. ಮುಂದಿನ ವಾರ ಮಿಲ್ಲಿನ ಹಿಂದೆ ಮೊದಲ ಚೀಲ ತಯಾರಾಯಿತು. ನಾನೂ ನರಸಪ್ಪನ ಕೇರಿಯವನೇ. ಅವನು ಅಲ್ಲಿ ಇರದಿದ್ದರೆ ನನಗೂ ಆ ಬಯಲು ಸಿಗುತ್ತಿರಲಿಲ್ಲ.

ನರಸಪ್ಪನಿಗೂ ನನಗೂ ಬೇಗ ಗೆಳೆತನವಾಯಿತು. ನನಗಿಂತ ಒಂದು ವರ್ಷ ದೊಡ್ಡವನು. ಕುಳ್ಳ, ದುಂಡು ಹೆಗಲು, ಬಾಯಿ ತುಂಬ ನಗು. ಅವನೂ ಪೊಲೀಸ್ ಭರ್ತಿಗೇ ತಯಾರಾಗುತ್ತಿದ್ದ. ಒಂದು ಕ್ವಿಂಟಲಿನ ಚೀಲವನ್ನು ಎಂಟೂ ಸುತ್ತು ಹೊರುತ್ತಿದ್ದವನು ನಮ್ಮಲ್ಲಿ ಅವನೊಬ್ಬನೇ. ಅದಕ್ಕಿಂತ ದೊಡ್ಡದು, ಒಂದೂಕಾಲು ಕ್ವಿಂಟಲಿನದು ಇನ್ನೊಂದು ಇತ್ತು. ಅದನ್ನು ವಸ್ತಾದರು ಮಾತ್ರ ಎತ್ತುತ್ತಿದ್ದರು.

ಭರ್ತಿಗೆ ಎರಡು ವಾರ ಇತ್ತು. ಹಿಂದಿನ ದಿನ ಮಳೆಯಾಗಿ ಚೀಲಗಳು ನೆನೆದಿದ್ದವು. ಬೆಳಿಗ್ಗೆ ನರಸಪ್ಪ ಎಂಟು ಸುತ್ತು ಮುಗಿಸಿ ನಿಂತಿದ್ದ. ಆ ಹಳೆಯ ತಾಲೀಮಿನ ನಾಲ್ಕು ಜನ ಗೋಡೆಯ ಹತ್ತಿರ ನಿಂತು ನೋಡುತ್ತಿದ್ದರು. ಒಬ್ಬ, "ಹಮಾಲರಿಗೆ ತಾಲೀಮು ಯಾಕ ಬೇಕಪ್ಪ, ಗಂಜಿನಾಗ ದಿನಾ ಅದನ್ನ ಮಾಡ್ತಾರಲ್ಲ" ಎಂದ. ಉಳಿದವರು ನಕ್ಕರು. ವಸ್ತಾದರು ಅವರ ಕಡೆ ನೋಡಲಿಲ್ಲ. ನರಸಪ್ಪನ ಕಡೆ ತಿರುಗಿ, "ಇನ್ನೊಂದು ಸುತ್ತು" ಎಂದರು. ಕೈ ಮಾಡಿ ತೋರಿಸಿದ್ದು ದೊಡ್ಡ ಚೀಲವನ್ನು.

ನರಸಪ್ಪ ಖುಷಿಯಿಂದ ಹೋದ. ತಬ್ಬಿದ, ಎದೆಗೆ ತಂದ, ಹೆಗಲಿಗೆ ಏರಿಸಿದ. ಗೋಡೆಯ ಹತ್ತಿರದವರ ನಗು ನಿಂತಿತು. ಬಸ್ಕಿ ಶುರುಮಾಡಿದ. ಒಂದು, ಎರಡು, ಮೂರು. ವಸ್ತಾದರು ಕಲಿಸಿಕೊಟ್ಟಂತೆ ನಾನು ಅವನ ಪಾದ ನೋಡುತ್ತಿದ್ದೆ. ಎಡಪಾದ ನಡುಗುತ್ತಿತ್ತು. ಕೂಗಬೇಕೆಂದು ಬಾಯಿ ತೆರೆದೆ. ವಸ್ತಾದರು ಇದ್ದಾರಲ್ಲ, ಅವರಿಗಿಂತ ನನಗೆ ಹೆಚ್ಚು ಗೊತ್ತೇ ಎನ್ನಿಸಿ ಸುಮ್ಮನಾದೆ. ಐದನೇ ಬಸ್ಕಿಗೆ ಮೊಣಕಾಲು ಮಡಚಿ ಅವನು ಕೂತುಬಿಟ್ಟ. ಚೀಲ ಹೆಗಲಿಂದ ಕುತ್ತಿಗೆಯ ಹಿಂದಕ್ಕೆ ಸರಿದು ಅವನನ್ನು ಮುಂದಕ್ಕೆ ಮಡಚಿಹಾಕಿತು. ದೊಡ್ಡ ಸದ್ದೇನೂ ಆಗಲಿಲ್ಲ. ವಸ್ತಾದರು ಒಂದೇ ನೆಗೆತಕ್ಕೆ ಹೋಗಿ ಚೀಲ ಎತ್ತಿ ಎಸೆದರು. ನರಸಪ್ಪ ಕಣ್ಣು ಬಿಟ್ಟುಕೊಂಡೇ ಇದ್ದ. ನೋವು ಎನ್ನಲಿಲ್ಲ. "ವಸ್ತಾದ್ರೀ, ನನ್ನ ಕಾಲು ಎಲ್ಲಿ ಅವ?" ಎಂದು ಕೇಳಿದ.

ಓಡಿಹೋಗಿ ಟಾಂಗಾ ತಂದವನು, ಗೋಡೆಯ ಹತ್ತಿರ ನಿಂತು ಆ ಮಾತಾಡಿದವನೇ.

ರಾಯಚೂರಿನ ಆಸ್ಪತ್ರೆ ಆಯಿತು, ಹೈದರಾಬಾದಿನದೂ ಆಯಿತು. ಬೆನ್ನುಹುರಿಗೆ ಪೆಟ್ಟು ಬಿದ್ದಿದೆ, ಸೊಂಟದ ಕೆಳಗೆ ಇನ್ನು ಶಕ್ತಿ ಬರುವುದಿಲ್ಲ ಎಂದು ಹೇಳಿ ಕಳಿಸಿದರು. ಭರ್ತಿಯ ಹಿಂದಿನ ದಿನ ನಾನು ಹೋಗುವುದಿಲ್ಲ ಎಂದೆ. ವಸ್ತಾದರು ಸಿಟ್ಟಾಗಲಿಲ್ಲ. "ನೀ ಇಲ್ಲೇ ಕುಂತ್ರ ಅವನ ಕಾಲು ಬರ್ತಾವೇನು? ಹೋಗು" ಎಂದರು. ಹೋದೆ. ನನ್ನ ಎದೆ ಸಾಕಷ್ಟು ಅಗಲವಾಗಿತ್ತು. ಆಯ್ಕೆಯಾದೆ.

ಆಮೇಲಿನದು ನಾನು ರಜೆಯಲ್ಲಿ ಬಂದಾಗೆಲ್ಲ ಕಂಡದ್ದು, ಕೇಳಿದ್ದು. ವಸ್ತಾದರು ಚೀಲಗಳನ್ನೆಲ್ಲ ಕೊಯ್ದು ಉಸುಕನ್ನು ಬಯಲಿಗೆ ಸುರಿದರು. ದಿನಾ ಬೆಳಿಗ್ಗೆ ಮೊದಲ ಬಸ್ಸಿಗೆ ಗಿಲ್ಲೆಸುಗೂರಿಗೆ ಹೋಗಿ, ನರಸಪ್ಪನನ್ನು ಎತ್ತಿ, ಬಯಲ ಕಡೆ ಮಾಡಿಸಿ, ಮೈ ತೊಳೆದು, ಬಿಸಿಲಿಗೆ ಕೂರಿಸಿ ಗಂಜಿಗೆ ವಾಪಸ್ಸು. ಸಂಜೆ ಮತ್ತೆ ಬಸ್ಸು. ನರಸಪ್ಪನಿಗೆ ಇದ್ದವಳು ತಾಯಿ ಒಬ್ಬಳೇ, ಹೊಲದ ಕೂಲಿಗೆ ಹೋಗುವವಳು. ಮರುವರ್ಷ ಆಕೆ ಜ್ವರ ಬಂದು ತೀರಿಕೊಂಡಳು. ಮಣ್ಣು ಮುಗಿಸಿದ ದಿನವೇ ವಸ್ತಾದರು ನರಸಪ್ಪನನ್ನು ಹೊತ್ತುಕೊಂಡು ಬಂದು ತಮ್ಮ ಎರಡು ಕೋಣೆಯ ಮನೆಯಲ್ಲಿ ಮಲಗಿಸಿದರು.

ದೇವದುರ್ಗದ ಕಡೆಯ ನೆಂಟರು ಬಂದು, ಯಾವ ಕೇರಿಯವನನ್ನು ಮನೆಯೊಳಗೆ ಹಾಕಿಕೊಂಡಿದ್ದೀಯ ಎಂದು ಗಲಾಟೆ ಮಾಡಿದರು. ಇನ್ನು ಈ ಮನೆಯ ನೀರು ಮುಟ್ಟುವುದಿಲ್ಲ ಎಂದರು. ವಸ್ತಾದರು ತಲೆ ತಗ್ಗಿಸಿ ಕೂತಿದ್ದರು. ಮಾತಾಡಿದವರು ಅವರ ಹೆಂಡತಿ. ನಾವೆಲ್ಲ ಯವ್ವಾ ಎಂದು ಕರೆಯುತ್ತಿದ್ದ, ಸಣ್ಣ ಮೈಯ, ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಹಸನು ಮಾಡುತ್ತಿದ್ದ ಹೆಂಗಸು. "ಆಯ್ತು ಬಿಡ್ರಿ. ನೀವು ಬರದಿದ್ರ ನನಗ ಅಡಿಗಿ ಕಡಿಮಿ ಆಗ್ತದ" ಎಂದರು. ಮಕ್ಕಳಿಲ್ಲದ ಆ ಮನೆಗೆ ಆಮೇಲೆ ನೆಂಟರು ಬರಲೇ ಇಲ್ಲ.

ನರಸಪ್ಪ ಎರಡು ವರ್ಷ ವಸ್ತಾದರ ಜೊತೆ ಮಾತಾಡಲಿಲ್ಲ. ಯವ್ವನ ಜೊತೆ ಮಾತಾಡುತ್ತಿದ್ದ, ನನ್ನ ಜೊತೆ ನಗುತ್ತಿದ್ದ. ವಸ್ತಾದರು ಎತ್ತಲು ಬಂದರೆ ಮುಖ ಗೋಡೆಯ ಕಡೆಗೆ. ಎರಡೂ ಕೈ ಜೋತುಬಿಟ್ಟು ಬೇಕೆಂದೇ ಭಾರವಾಗುತ್ತಿದ್ದ. ವಸ್ತಾದರು ಬಯಲಿಗೆ ಸುರಿದ ಉಸುಕನ್ನೇ ಒಂದಿಷ್ಟು ಬಾಚಿ ತಂದು, ಕೈಯಲ್ಲಿ ಹಿಡಿಯುವಂಥ ಎರಡು ಸಣ್ಣ ಚೀಲ ಹೊಲಿದು ಅವನ ಪಕ್ಕಕ್ಕಿಟ್ಟರು. ತೋಳಾದರೂ ಗಟ್ಟಿ ಇರಲಿ ಎಂದು. ನರಸಪ್ಪ ಅದನ್ನು ತೆಗೆದು ಅವರ ಎದೆಗೇ ಎಸೆದ. ಅವರು ಎತ್ತಿ ಮತ್ತೆ ಅಲ್ಲೇ ಇಟ್ಟರು. ಎಷ್ಟೋ ದಿನ ಅದೇ ನಡೆಯಿತಂತೆ, ಎಸೆಯುವುದು, ಇಡುವುದು. "ಎಸಿಯಾಕಾದ್ರೂ ತೋಳು ಬೇಕಲ್ಲ. ಎಸೀಲಿ ಬಿಡು" ಎಂದು ನನಗೆ ಹೇಳಿದರು.

ಒಂದು ಸಲ ನಾನು ಬಂದಾಗ ವಸ್ತಾದರು ಗಂಜಿನ ಬಾಗಿಲಲ್ಲೇ ನನ್ನನ್ನು ಹಿಡಿದು ನಿಲ್ಲಿಸಿದರು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಮುಂಚೆಯೂ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ. "ಲೇ ತಮ್ಮಾ, ಅಂವ ಮುಂಜಾನಿ ನನ್ನ ಕುತ್ತಿಗಿ ಸುತ್ತ ಕೈ ಹಾಕಿದ. ಎತ್ತುವಾಗ. ಹಿಡ್ಕೊಂಡ ನನ್ನ" ಎಂದರು. ಹಿಡಿದುಕೊಂಡದ್ದಷ್ಟೇ ಅಲ್ಲ, ಬಾಯಿಗೆ ಬಂದಂತೆ ಬೈದಿದ್ದನಂತೆ. ಅದನ್ನೂ ಅಷ್ಟೇ ಖುಷಿಯಿಂದ ಹೇಳಿದರು.

ಅಲ್ಲಿಂದ ನರಸಪ್ಪ ಸಣ್ಣ ಚೀಲ ಎತ್ತತೊಡಗಿದ. ಆಮೇಲೆ ದಬ್ಬಣ ಹಿಡಿದು ಗಂಜಿನ ಹರಿದ ಗೋಣಿಗಳನ್ನು ಹೊಲಿಯತೊಡಗಿದ. ಬಾಗಿಲ ಮುಂದೆ ಬಿಸಿಲಲ್ಲಿ ಕೂತು, ಹೋಗಿಬರುವವರನ್ನೆಲ್ಲ ಮಾತಾಡಿಸುತ್ತ, ದಿನಕ್ಕೆ ಇಪ್ಪತ್ತು ಮೂವತ್ತು ಗೋಣಿ ಹೊಲಿಯುತ್ತಿದ್ದ.

ನನಗೆ ದೇವದುರ್ಗಕ್ಕೆ ವರ್ಗವಾಗಿತ್ತು. ವಸ್ತಾದರ ಅಣ್ಣ ತೀರಿಕೊಂಡಾಗ ಅವರು ಊರಿಗೆ ಬಂದರು. ಅಣ್ಣನ ಮಕ್ಕಳು ದೂರದಿಂದ ಮುಖ ನೋಡಲು ಮಾತ್ರ ಬಿಟ್ಟರಂತೆ. ಮಧ್ಯಾಹ್ನ ದೇವದುರ್ಗದ ಬಸ್ ನಿಲ್ದಾಣದಲ್ಲಿ ಕೂತಿದ್ದರು. ನಾನು ಚಹಾ ತಂದು ಪಕ್ಕದಲ್ಲಿ ಕೂತೆ. ಆರು ವರ್ಷ ಹೇಳದೆ ಇಟ್ಟುಕೊಂಡಿದ್ದ ಮಾತು ಅವತ್ತು ಬಾಯಿಗೆ ಬಂತು.

"ವಸ್ತಾದ್ರೀ, ಅವತ್ತು ಅವನ ಪಾದ ನಡುಗೋದು ನಾ ನೋಡಿದ್ದೆ. ಹೇಳಲಿಲ್ಲ."

ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ರಾಯಚೂರಿನ ಬಸ್ಸು ಬಂತು. ಎದ್ದು ನಿಂತು, ನನ್ನ ಮುಖ ನೋಡದೆ ಹೇಳಿದರು: "ನಾನೂ ನೋಡಿದ್ನಲ್ಲೋ, ತಮ್ಮಾ."

ಬಸ್ಸು ಹತ್ತಿ ಹೋದರು. ಈ ಮಾತು ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಹಮಾಲರಿಗೆ ಮುಪ್ಪು ಬೇಗ ಬರುತ್ತದೆ. ಐವತ್ತೈದರ ಹೊತ್ತಿಗೆ ವಸ್ತಾದರ ಹೆಗಲು ಇಳಿದಿತ್ತು. ಗಂಜಿನ ಧೂಳಿಗೆ ಕೆಮ್ಮು ಹತ್ತಿತ್ತು. ಮೇಸ್ತ್ರಿ ಅವರನ್ನು ಹೊರುವ ಕೆಲಸದಿಂದ ತೆಗೆದು ಕಸ ಗುಡಿಸಲು ಹಾಕಿದ್ದ. ನಾನು ಆಗ ಮಾನ್ವಿಯಲ್ಲಿದ್ದೆ. ಒಂದು ಬೆಳಿಗ್ಗೆ ರಾಯಚೂರಿಗೆ ಬಂದವನು, ಅವರು ಮನೆಯಲ್ಲಿಲ್ಲ ಎಂದು ತಿಳಿದು ಸುಮ್ಮನೆ ಆ ಮಿಲ್ಲಿನ ಕಡೆ ನಡೆದೆ. ಅವರು ಅಲ್ಲಿದ್ದರು. ಬೇವಿನ ಮರದ ಕೆಳಗೆ ಒಂದು ಹೊಸ ಉಸುಕಿನ ಚೀಲ. ಅದನ್ನು ತಬ್ಬಿ ಎತ್ತುತ್ತಿದ್ದರು. ಎದೆಯವರೆಗೆ ಬಂತು, ಜಾರಿತು. ಕೂತು ಕೆಮ್ಮಿದರು. ಬಾಯೊಳಗೇ ಲಾಭ, ಎರಡು, ಮೂರು ಎಂದು ಎಣಿಸಿಕೊಂಡು ಎದ್ದರು. ಮತ್ತೆ ಜಾರಿತು. ಮೂರನೇ ಸಲ ಚೀಲ ನೆಲದಿಂದಲೇ ಏಳಲಿಲ್ಲ.

ನನ್ನನ್ನು ಕಂಡು ನಾಚಿಕೊಂಡರು. "ಅಂವ ಕುಂತು ಕುಂತು ದಪ್ಪ ಆಗ್ಯಾನ. ನಾ ಸಣ್ಣ ಆಗೀನಿ. ಅವನ ತೂಕದ ಚೀಲ ಮಾಡೀನಿ ಇದು. ಮೊನ್ನಿ ಕೈ ಜಾರಿ ಬೀಳಸ್ತಿದ್ದೆ ಅವನನ್ನ. ಅದಕ್ಕ ತಯಾರಿ ಮಾಡಾಕತ್ತೀನಿ. ಅವನಿಗೆ ಹೇಳಬ್ಯಾಡ" ಎಂದರು. ನಾನು ಏನಾದರೂ ಮಾಡಬೇಕಿತ್ತು. ಯಾರನ್ನಾದರೂ ಗೊತ್ತುಮಾಡಬೇಕಿತ್ತು, ಮಾನ್ವಿಗಾದರೂ ಕರೆದುಕೊಂಡು ಹೋಗಬೇಕಿತ್ತು. ನನ್ನದೂ ಒಂದೇ ಕೋಣೆಯ ಕ್ವಾರ್ಟರ್ಸು, ಹೆಂಡತಿ, ಎರಡು ಸಣ್ಣ ಮಕ್ಕಳು. ಚೀಲವನ್ನು ಗೋಡೆಗೆ ಒರಗಿಸಿಕೊಟ್ಟು ಬಂದೆ.

ಎರಡು ತಿಂಗಳಿಗೆ ಅವರು ಹೋದರು. ಬೆಳಿಗ್ಗೆ ನರಸಪ್ಪನನ್ನು ಎತ್ತಿ ತಂದು ಬಾಗಿಲ ಮುಂದೆ ಬಿಸಿಲಿಗೆ ಕೂರಿಸಿದ್ದಾರೆ, ನೀರು ಕುಡಿದು ಬರ್ತೀನಿ ಎಂದು ಒಳಗೆ ಹೋಗಿದ್ದಾರೆ. ತಂಬಿಗೆ ಬಿದ್ದ ಸದ್ದು ನರಸಪ್ಪನಿಗೆ ಕೇಳಿಸಿತು. ವಸ್ತಾದ್ರೀ ಎಂದು ಕೂಗಿದ. ಯವ್ವ ಮಿಲ್ಲಿಗೆ ಹೋಗಿದ್ದರು, ಓಣಿಯಲ್ಲಿ ಯಾರೂ ಇರಲಿಲ್ಲ. ನರಸಪ್ಪ ಗೋಣಿಯ ರಾಶಿಯಿಂದ ಕೆಳಗುರುಳಿ, ಮೊಣಕೈ ಊರಿ ಮೈ ಎಳೆದುಕೊಂಡು, ಹೊಸ್ತಿಲು ದಾಟಿ ಒಳಗೆ ಹೋದ. "ಜೀವ ಇತ್ತು ಲೇ" ಎಂದು ಆಮೇಲೆ ನನಗೆ ಹೇಳಿದ. "ಕಣ್ಣು ಬಿಟ್ಟು ನನ್ನ ನೋಡಿದ್ರು. ನಾ ಅವರ ತಲಿ ತೊಡಿ ಮ್ಯಾಲ ಇಟ್ಕೊಂಡೆ. ಎತ್ತಿ ರೋಡಿಗೆ ಒಯ್ಯಬೇಕಿತ್ತು, ಅಷ್ಟ. ಇಪ್ಪತ್ತು ಹೆಜ್ಜಿ. ತೋಳಿನಾಗ ಶಕ್ತಿ ಇತ್ತು, ಏನ್ ಮಾಡ್ಲಿ?" ಮಧ್ಯಾಹ್ನ ಯವ್ವ ಬಂದಾಗ ಅವನು ಹಾಗೇ ಕೂತಿದ್ದ.

ನಾನು ಮೂರನೇ ದಿನ ತಲುಪಿದೆ. ಒಳಗೆ ಮಲಗಿದ್ದ ನರಸಪ್ಪನನ್ನು ಬಿಸಿಲಿಗೆ ತರೋಣ ಎಂದು ಬಾಗಿ ತೋಳು ಹಾಕಿದೆ. ಆಗಲಿಲ್ಲ. ಎದೆಯವರೆಗೂ ಬರಲಿಲ್ಲ. "ನಿನ್ನ ಹೊಟ್ಟಿ ಅಡ್ಡ ಬರಾಕತ್ತದ" ಎಂದು ನರಸಪ್ಪ ನಗಲು ನೋಡಿದ. ಯವ್ವ ಬಂದು ಕಾಲು ಹಿಡಿದರು. ನಾವಿಬ್ಬರೂ ಎರಡು ಕಡೆ ನಿಂತು ಹೊರಗೆ ತಂದೆವು. ಹೊರಡುವಾಗ ಅವನು ಕೇಳಿದ: "ಮತ್ತ ಯಾವಾಗ ಬರ್ತಿ?"

"ಸೋಮವಾರ" ಎಂದೆ.

ಆ ಸೋಮವಾರ ಬಂದೋಬಸ್ತಿಗೆ ಹಾಕಿದರು. ಮುಂದಿನ ಸೋಮವಾರ ಮಗಳಿಗೆ ಜ್ವರ. ಅದರ ಮುಂದಿನ ವಾರ ಹೋದಾಗ ಕೋಣೆಯಲ್ಲಿ ಒಂದು ವಾಸನೆ ಇತ್ತು. ಬಾಡಿಗೆ ಗಾಡಿ ಮಾಡಿಕೊಂಡು ಆಸ್ಪತ್ರೆಗೆ ಒಯ್ದೆವು. ವಯಸ್ಸಾದ ಡಾಕ್ಟರು ನರಸಪ್ಪನನ್ನು ಬೋರಲು ಮಲಗಿಸಿ, ಬೆನ್ನು, ಸೊಂಟ, ಹಿಮ್ಮಡಿ ಎಲ್ಲ ಮುಟ್ಟಿ ಮುಟ್ಟಿ ನೋಡಿದರು.

"ಎಷ್ಟು ವರ್ಷ ಆಯ್ತು ಅಂದ್ರಿ?"

"ಒಂಬತ್ತು ರೀ" ಎಂದೆ.

"ಸುಳ್ಳು ಹೇಳಬ್ಯಾಡ್ರಿ. ಒಂಬತ್ತು ವರ್ಷ ಬಿದ್ದಾಂವನ ಮೈ ಹಿಂಗ ಇರಂಗಿಲ್ಲ. ಹಳೇ ಹುಣ್ಣಿಂದು ಒಂದ ಕಲಿ ಇಲ್ಲ. ಈ ಒಂದ ಹುಣ್ಣು, ಇದೂ ಹದಿನೈದು ಇಪ್ಪತ್ತು ದಿನದ್ದು. ಅದಕ್ಕ ಮುಂಚಿ ಯಾರು ನೋಡ್ಕೊಂತಿದ್ರು?"

ನರಸಪ್ಪ ಮುಖ ಕೆಳಗೆ ಮಾಡಿಕೊಂಡೇ, "ನಮ್ಮ ವಸ್ತಾದ್ರು" ಎಂದ.

"ಈಗ?"

ಯವ್ವ ನನ್ನ ಕಡೆ ನೋಡಿದರು. ಆಮೇಲೆ ಅವರೇ ಸೆರಗು ಸರಿಪಡಿಸಿಕೊಂಡು, "ಎತ್ತಾಕ ನೋಡ್ತೀನಿ ರೀ. ಆಗವಲ್ದು" ಎಂದರು.

ಡಾಕ್ಟರು ಮುಲಾಮು ಬರೆದುಕೊಟ್ಟರು, ದಿನಕ್ಕೆ ಆರು ಸಲ ಮಗ್ಗುಲು ಬದಲಿಸಿ ಎಂದರು. ಹುಣ್ಣು ಮಾಯಲಿಲ್ಲ. ನರಸಪ್ಪ ಮುಂದೆ ಐದು ತಿಂಗಳು ಬದುಕಿದ್ದ. ಆ ಐದು ತಿಂಗಳಲ್ಲಿ ನನಗೆ ಹೋಗಲು ಆದದ್ದು ಹನ್ನೊಂದು ಸಲ. ಹೋದಾಗಲೆಲ್ಲ ಯವ್ವ ಕಾಲಿನ ಕಡೆ, ನಾನು ತಲೆಯ ಕಡೆ ಹಿಡಿದು ಅವನನ್ನು ಬಿಸಿಲಿಗೆ ತರುತ್ತಿದ್ದೆವು. ಹೋಗದ ದಿನ ಅವನು ಒಳಗೇ ಇರುತ್ತಿದ್ದ.